ಮೂರು ವಾರ ತುಳಿಯಬೇಡಿ

ಮ್ಯಾನ್‌ಹಟನ್‌ನಿಂದ ಒಂದೂವರೆ ಗಂಟೆ ದೂರದ ಮನ್ರೋದ ಆ ಬಡಾವಣೆಯಲ್ಲಿ ಯಾರೂ ಬೇಲಿ ಹಾಕುವಂತಿಲ್ಲ. ಮನೆಮಾಲೀಕರ ಅಸೋಸಿಯೇಷನ್ನಿನ ನಿಯಮಗಳ ಪುಸ್ತಕದಲ್ಲಿ ಬೇಲಿ, ಬಟ್ಟೆ ಒಣಹಾಕುವ ಹಗ್ಗ, ಮುಂಬಾಗಿಲಿಗೆ ಗಾಢ ಬಣ್ಣ ಎಲ್ಲವೂ ನಿಷಿದ್ಧ. ಹಾಗಾಗಿ ಸೂರ್ಯನಾರಾಯಣನ ಹಿತ್ತಲಿನ ಹುಲ್ಲು ಎಲ್ಲಿ ಮುಗಿಯಿತು, ಪಕ್ಕದ ವೀರೇಂದ್ರನ ಹುಲ್ಲು ಎಲ್ಲಿ ಶುರುವಾಯಿತು ಎಂದು ಹೇಳಬೇಕಾದರೆ ಸರ್ವೆಯವನನ್ನೇ ಕರೆಸಬೇಕು. ಹನ್ನೆರಡು ವರ್ಷದಲ್ಲಿ ಹಾಗೆ ಕರೆಸುವ ಪ್ರಸಂಗ ಬಂದಿರಲಿಲ್ಲ. ಬದಲಿಗೆ ಎರಡು ಮನೆಗಳ ಹಿಂಬಾಗಿಲುಗಳ ನಡುವೆ ಒಂದೂವರೆ ಅಡಿ ಅಗಲದ ಬೋಳು ದಾರಿಯೊಂದು ಬಿದ್ದಿತ್ತು. ಅದನ್ನು ಯಾರೂ ಮಾಡಿದ್ದಲ್ಲ, ನಡೆದು ನಡೆದು ಆದದ್ದು.

ಹೆಚ್ಚು ನಡೆದವಳು ವೀರೇಂದ್ರನ ಮಗಳು ದಿಯಾ. ಅವರು ಈ ಮನೆಗೆ ಬಂದಾಗ ಅವಳಿಗೆ ಐದು ವರ್ಷ. ಅಪ್ಪ ಬಸ್ಸು, ಟ್ರೇನು, ಮತ್ತೆ ಸೀಕಾಕಸ್‌ನಲ್ಲಿ ಇನ್ನೊಂದು ಟ್ರೇನು ಹತ್ತಿ ಮ್ಯಾನ್‌ಹಟನ್‌ನ ಬ್ಯಾಂಕಿಗೆ ಹೋಗುತ್ತಿದ್ದ. ಅಮ್ಮ ವಿಭಾ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಸ್ಕೂಲ್ ಬಸ್ಸಿಳಿದ ಹುಡುಗಿ ಬ್ಯಾಗನ್ನು ತನ್ನ ಮನೆಯ ಹಿಂದಿನ ಮೆಟ್ಟಿಲ ಮೇಲೆ ಎಸೆದು ನೇರ ಸೂರ್ಯನಾರಾಯಣನ ಅಡುಗೆಮನೆಗೆ ಓಡಿಬರುತ್ತಿದ್ದಳು. ಅಲ್ಲಿ ಅವನ ಹೆಂಡತಿ ಶೈಲಜಾ ಅವಳಿಗಾಗಿ ಅವಲಕ್ಕಿ ಒಗ್ಗರಣೆ ಹಾಕಿ ಕಾಯುತ್ತಿದ್ದಳು. ಸಂಜೆ ಮಗಳನ್ನು ಕರೆದೊಯ್ಯಲು ವಿಭಾ ಅದೇ ದಾರಿಯಲ್ಲಿ ಬರುತ್ತಿದ್ದಳು. ಹೆಂಡತಿ ಮಗಳು ಇಬ್ಬರೂ ಬರಲಿಲ್ಲವಲ್ಲ ಎಂದು ವೀರೇಂದ್ರನೂ ಬಂದು, ಕೊನೆಗೆ ಎಲ್ಲರೂ ಇಲ್ಲೇ ಊಟಕ್ಕೆ ಕೂರುತ್ತಿದ್ದದ್ದೂ ಉಂಟು.

ನಮ್ಮವರಲ್ಲಿ ಈ ಲೆಕ್ಕ ಯಾರೂ ಹೇಳಿಕೊಡದೆ ಎಲ್ಲರಿಗೂ ಗೊತ್ತಿರುತ್ತದೆ. ಮುಂಬಾಗಿಲಿಗೆ ಬಂದು ಬೆಲ್ ಒತ್ತುವವರು ಅತಿಥಿಗಳು. ಅವರಿಗೆ ಸೋಫಾ, ಟ್ರೇಯಲ್ಲಿ ಕಾಫಿ. ಹಿಂಬಾಗಿಲು ಸರಿಸಿ 'ಏನ್ ಸಾರು ಇವತ್ತು' ಎಂದು ಕೇಳುತ್ತ ಒಳಗೆ ಬರುವವರು ಮನೆಯವರು. ಸೂರ್ಯನಾರಾಯಣ ದಂಪತಿಗೆ ಮಕ್ಕಳಿರಲಿಲ್ಲ. ಆ ಮಾತು, ಆ ಆಸ್ಪತ್ರೆಗಳು, ಆ ಹರಕೆಗಳೆಲ್ಲ ಮುಗಿದು ಎಷ್ಟೋ ವರ್ಷವಾಗಿತ್ತು. ದಿಯಾ ಬಂದಮೇಲೆ ಶೈಲಜಾ ಆ ವಿಷಯ ಎತ್ತುವುದನ್ನೇ ಬಿಟ್ಟಿದ್ದಳು. ಹೋದ ವರ್ಷ ಹುಡುಗಿಗೆ ಕಾರು ಕಲಿಸಿದವನು ಸೂರ್ಯನಾರಾಯಣನೇ. ದೇವಸ್ಥಾನದ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಅವಳ ಪಕ್ಕ ಕೂತು, ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತಿ ಒತ್ತಿ ಮೊಣಕಾಲು ನೋಯಿಸಿಕೊಂಡಿದ್ದ.

ಆಗಸ್ಟ್ ಕೊನೆಯಲ್ಲಿ ಅಸೋಸಿಯೇಷನ್ನಿನಿಂದ ಪತ್ರ ಬಂತು. ಹಿತ್ತಲಿನ ಹುಲ್ಲುಹಾಸಿನಲ್ಲಿ ಬೋಳು ಪಟ್ಟಿ ಕಂಡುಬಂದಿದೆ, ಚಳಿಗಾಲದ ಮುಂಚೆ ಸರಿಪಡಿಸತಕ್ಕದ್ದು. ಪತ್ರದ ಜೊತೆ ಫೋಟೋ ಕೂಡ ಇತ್ತು. ಬೇರೆ ವರ್ಷವಾಗಿದ್ದರೆ ಸೂರ್ಯನಾರಾಯಣ ಆ ಪತ್ರವನ್ನು ಫ್ರಿಜ್ಜಿಗೆ ಅಂಟಿಸಿ ವೀರೇಂದ್ರನನ್ನು ಕರೆದು ತೋರಿಸಿ, ಇಬ್ಬರೂ ಸೇರಿ ಅಸೋಸಿಯೇಷನ್ನಿಗೆ ಮೈಸೂರು, ಧಾರವಾಡ ಎರಡೂ ಕಡೆಯ ಬೈಗುಳ ಬೈದು, ಮರೆತುಬಿಡುತ್ತಿದ್ದರು. ಆದರೆ ಈ ಸಲ ಅವನು ಪತ್ರವನ್ನು ಎರಡು ಸಲ ಓದಿದ. ಓದಿದಾಗ ಮನಸ್ಸು ಒಂಥರಾ ಹಗುರವಾಯಿತು. ಆ ಹಗುರದ ಬಗ್ಗೆ ಅವನಿಗೆ ಈಗಲೂ ನಾಚಿಕೆಯಾಗುತ್ತದೆ.

ಕಾರಣ ಇಷ್ಟು. ಪತ್ರ ಬರುವುದಕ್ಕೆ ಒಂದು ವಾರ ಮುಂಚೆ, ವೀರೇಂದ್ರನ ಬ್ಯಾಂಕಿನಲ್ಲೇ ಇರುವ ಶ್ರೀನಿ ಎಂಬವನು ಫೋನ್ ಮಾಡಿದ್ದ. ಕನ್ನಡ ಕೂಟದ ಪರಿಚಯ. ಏನೇನೋ ಮಾತಾಡಿ ಕೊನೆಗೆ, "ನಿಮ್ ಪಕ್ಕದ್ಮನೆ ವೀರೇಂದ್ರಂದೂ ಹೋಯ್ತು ಸಾರ್. ಇಡೀ ಟೀಮ್ ಲೇಆಫ್. ಅವ್ರು ಯಾರಿಗೂ ಹೇಳಿಲ್ಲ, ನೀವೂ ಗೊತ್ತಿಲ್ದ ಹಾಗೇ ಇರಿ," ಎಂದಿದ್ದ. ವೀರೇಂದ್ರ ಗ್ರೀನ್ ಕಾರ್ಡಿನ ಸಾಲಿನಲ್ಲಿ ಹದಿಮೂರು ವರ್ಷದಿಂದ ನಿಂತವನು. ಸೆಪ್ಟೆಂಬರ್ ಮೊದಲ ವಾರಕ್ಕೆ ಬೀಳುವ ಕೊನೆಯ ಕೆಲಸದ ದಿನದಿಂದ ಅರವತ್ತು ದಿನದೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಸೂರ್ಯನಾರಾಯಣ ಪಾರ್ಸಿಪನಿಯ ಕಂಪನಿಯೊಂದರಲ್ಲಿ ಡೈರೆಕ್ಟರ್. ಅವನ ವಿಭಾಗದಲ್ಲಿ ಆಗ ಒಂದು ಜಾಗ ಖಾಲಿಯಿತ್ತು.

ಕೇಳಿದರೆ ಕೊಡಬಹುದಿತ್ತು, ಪ್ರಯತ್ನವನ್ನಂತೂ ಮಾಡಬಹುದಿತ್ತು. ಆದರೆ ನಾಲ್ಕು ವರ್ಷದ ಹಿಂದೆ ಸುಮೀತ್ ಎಂಬ ಪರಿಚಯದ ಹುಡುಗನಿಗೆ ಅವನು ಹೀಗೇ ಶಿಫಾರಸು ಮಾಡಿದ್ದ. ಸುಮೀತ್ ಆರು ತಿಂಗಳಿಗೆ ಕೆಲಸವನ್ನು ಅರ್ಧಕ್ಕೇ ಬಿಟ್ಟು ಬೇರೆ ಕಂಪನಿಗೆ ಹಾರಿದ. ಮೀಟಿಂಗಿನಲ್ಲಿ ಬಾಸ್ ಎಲ್ಲರೆದುರು 'ಯುವರ್ ಗೈ' ಎಂದು ಹೇಳಿ ನಕ್ಕದ್ದು ಸೂರ್ಯನಾರಾಯಣನಿಗೆ ಇನ್ನೂ ಕಿವಿಯಲ್ಲಿತ್ತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನೆ. ಅಂದಿನಿಂದ ಯಾರ ಮನೆ ಊಟಕ್ಕೆ ಹೋದರೂ, 'ಇನ್ಮೇಲೆ ನಮ್ಮೋರು ಯಾರಿಗೂ ರೆಫರಲ್ ಕೊಡೋದೇ ಇಲ್ಲ' ಎಂದು ಸುಮೀತನ ಕಥೆಯನ್ನು ಅನ್ನದ ಜೊತೆ ಬಡಿಸುತ್ತಿದ್ದ. ಈಗ ವೀರೇಂದ್ರ ಬಂದು ಕೇಳಿಬಿಟ್ಟರೆ? ಹ್ಞೂಂ ಅನ್ನಲು ಭಯ, ಉಹ್ಞೂಂ ಅನ್ನಲು ಮುಖವಿಲ್ಲ. ಕೇಳದಿದ್ದರೆ ಸಾಕಪ್ಪ ಎಂದು ದೇವರಿಗೆ ಕೈಮುಗಿಯುವಷ್ಟು ಸಣ್ಣವನಾಗಿದ್ದ ಅವನು.

ಶೈಲಜಾ ಮನೆಯಲ್ಲಿದ್ದಿದ್ದರೆ ಇದು ಇಲ್ಲಿಯವರೆಗೆ ಬರುತ್ತಿರಲಿಲ್ಲ. ಆದರೆ ಅವಳು ತಾಯಿಯ ಸೊಂಟದ ಆಪರೇಷನ್ನಿಗೆಂದು ಮೈಸೂರಿಗೆ ಹೋಗಿದ್ದಳು, ಅಕ್ಟೋಬರ್ ನಡುವಿನವರೆಗೆ ಬರುವವಳಲ್ಲ. ದಿನವೂ ಫೋನ್ ಮಾಡುತ್ತಿದ್ದಳು. ವೀರೇಂದ್ರನ ಸುದ್ದಿಯನ್ನು ಅವನು ಅವಳಿಗೆ ಹೇಳಲಿಲ್ಲ. ಹೇಳಿದರೆ ಏನನ್ನುತ್ತಾಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸೂರ್ಯನಾರಾಯಣನಿಗೂ ನೆಲವೇ ಸಿಕ್ಕಿತು. ಹುಟ್ಟಿದ್ದು ಬೆಳೆದದ್ದು ಮೈಸೂರಿನ ಸರಸ್ವತಿಪುರದ ಮಹಡಿ ಮನೆಯಲ್ಲಿ, ಕೈಯಾರೆ ಒಂದು ಮೆಂತ್ಯದ ಕಾಳನ್ನೂ ಮೊಳಕೆ ಬರಿಸಿದವನಲ್ಲ. ಅಂಥವನು ಸೆಪ್ಟೆಂಬರ್ ಆರಂಭದ ಲೇಬರ್ ಡೇ ವಾರಾಂತ್ಯಕ್ಕೆ ಹುಲ್ಲಿನ ಪಂಡಿತನಾಗಿಬಿಟ್ಟ. ರಾತ್ರಿ ಹಗಲು ವಿಡಿಯೋ ನೋಡಿದ. ಬೀಜ ಬಿತ್ತಲು ಸೆಪ್ಟೆಂಬರೇ ಸರಿ, ಮಣ್ಣಿನಲ್ಲಿ ಬೇಸಿಗೆಯ ಬಿಸಿ ಉಳಿದಿರುತ್ತದೆ, ಗಾಳಿ ತಂಪಾಗಿರುತ್ತದೆ, ಮೊದಲ ಹಿಮ ಬೀಳುವುದರೊಳಗೆ ಬೇರು ಇಳಿಯುತ್ತದೆ ಎಂದು ಆಫೀಸಿನಲ್ಲಿ ಕೇಳದವರಿಗೂ ಹೇಳಿದ. ದಾರಿಯ ಮಣ್ಣು ಹನ್ನೆರಡು ವರ್ಷದ ತುಳಿತಕ್ಕೆ ಸಿಮೆಂಟಿನ ಹಾಗಾಗಿತ್ತು. ಮಣ್ಣಿನಲ್ಲಿ ತೂತು ತೆಗೆಯುವ ಯಂತ್ರ ಬಾಡಿಗೆಗೆ ತಂದ. ಅದು ಅವನನ್ನು ಹಿತ್ತಲ ತುಂಬ ಎಳೆದಾಡಿತು. ಕುಂಟೆಯಿಂದ ಕೆರೆದ, ಗೊಬ್ಬರ ಹಾಕಿದ, ಬೀಜ ಚೆಲ್ಲಿದ, ಹಕ್ಕಿ ತಿನ್ನದಿರಲಿ ಎಂದು ಮೇಲೆ ತೆಳ್ಳಗೆ ಒಣಹುಲ್ಲು ಹರಡಿದ. ಕೊನೆಗೆ ದಾರಿಯ ಎರಡೂ ಬದಿಗೆ, ಎರಡೂ ತುದಿಗೆ ಗೂಟ ಹೊಡೆದು ದಾರ ಕಟ್ಟಿ, ದಾರಕ್ಕೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೂರುಗಳನ್ನು ಇಳಿಬಿಟ್ಟ. ವೀರೇಂದ್ರನ ಮನೆಯ ಕಡೆಯ ತುದಿಗೆ ಒಂದು ರಟ್ಟು ಸಿಕ್ಕಿಸಿ, ಮಾರ್ಕರಿನಲ್ಲಿ ಕನ್ನಡದಲ್ಲೇ ಬರೆದ: 'ಮೂರು ವಾರ ತುಳಿಯಬೇಡಿ.' ಆ ಕಡೆಯಿಂದ ಬರುವವರು ಕನ್ನಡ ಓದುವ ಇಬ್ಬರು ಮತ್ತು ಓದಲು ಬಾರದ ಒಬ್ಬಳು ಮಾತ್ರ. ಓದಲು ಬಾರದವಳಿಗೆ ಅವಳಪ್ಪ ಓದಿ ಹೇಳಿದನಂತೆ.

ಬಿತ್ತಿದ ಮೇಲಿನ ಎರಡನೇ ಭಾನುವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಸೂರ್ಯನಾರಾಯಣ ಮಂಡಿಯೂರಿ ಕೂತಿದ್ದ. ಅಲ್ಲೊಂದು ಇಲ್ಲೊಂದು ಕೂದಲೆಳೆಯಂಥ ಹಸಿರು ಕಾಣತೊಡಗಿತ್ತು. ಅವನಿಗೆ ನಿಜಕ್ಕೂ ಖುಷಿಯಾಗಿತ್ತು. ನೀರಿನ ಪೈಪನ್ನು ಮಳೆಹನಿಯ ಹಾಗೆ ಬೀಳುವಂತೆ ತಿರುಗಿಸುತ್ತಿದ್ದಾಗ ಆ ತುದಿಯಲ್ಲಿ ಯಾರೋ ನಿಂತಂತಾಯಿತು. ವೀರೇಂದ್ರ ನಿಂತಿದ್ದ. ಭಾನುವಾರದ ಲುಂಗಿಯಲ್ಲಲ್ಲ, ಇಸ್ತ್ರಿ ಮಾಡಿದ ಶರ್ಟಿನಲ್ಲಿ. ಕೈಯಲ್ಲಿ ಕಂದು ಬಣ್ಣದ ಫೈಲು. ರಟ್ಟನ್ನು ನೋಡಿಯೂ ನೋಡದವನಂತೆ ಒಂದು ಕಾಲನ್ನು ದಾರದ ಮೇಲೆ ಎತ್ತಿದ್ದ.

"ಸೂರಿಯವರ, ಒಂದು ಹತ್ತು ನಿಮಿಷ ಮಾತಾಡೂದಿತ್ತು ನಿಮ್ಮ ಕೂಡ."

ಫೈಲು ನೋಡಿದ ಕೂಡಲೇ ಸೂರ್ಯನಾರಾಯಣನಿಗೆ ಆಫೀಸಿನ ಆ ಖಾಲಿ ಜಾಗ ನೆನಪಾಯಿತು. ರೆಸ್ಯೂಮೆ ತಂದಿದ್ದಾನೆ ಎಂದುಕೊಂಡ. ಎಂದುಕೊಳ್ಳುವುದಕ್ಕೂ ಬಾಯಿಂದ ಮಾತು ಹೊರಡುವುದಕ್ಕೂ ನಡುವೆ ಅರ್ಧ ಕ್ಷಣವೂ ಇರಲಿಲ್ಲ.

"ಅಯ್ಯೋ ಅಲ್ಲೇ ನಿಲ್ಲಿ, ಅಲ್ಲೇ ನಿಲ್ಲಿ! ತುಳೀಬೇಡಿ! ಈಗ್ತಾನೆ ಮೊಳಕೆ ಒಡೀತಿದೆ."

ವೀರೇಂದ್ರ ಎತ್ತಿದ ಕಾಲನ್ನು ಹಿಂದಕ್ಕೆ, ತನ್ನ ಕಡೆಗೆ ಇಳಿಸಿದ. "ಹೌದಲ್ಲ. ತಪ್ಪಾತು."

"ಮುಂದ್ಗಡೆಯಿಂದ ಬನ್ನಿ ವೀರೇಂದ್ರ. ಈಗ ಬೇಡ ಆದ್ರೆ, ನಾನೂ ಸ್ವಲ್ಪ ಹೊರಗೆ ಹೋಗ್ಬೇಕು. ಇನ್ನೊಂದಿನ ಫೋನ್ ಮಾಡಿ ಬನ್ನಿ, ಆರಾಮಾಗಿ ಕೂತ್ಕೊಂಡು ಮಾತಾಡೋಣ."

ಹನ್ನೆರಡು ವರ್ಷದಲ್ಲಿ ಫೋನ್ ಮಾಡಿ ಬನ್ನಿ ಎಂಬ ಮಾತು ಆ ಎರಡು ಮನೆಗಳ ನಡುವೆ ಮೊದಲ ಸಲ ಬಂದಿತ್ತು. ಸೂರ್ಯನಾರಾಯಣನಿಗೆ ತನ್ನ ಧ್ವನಿಯೇ ಯಾರೋ ರಿಸೆಪ್ಷನಿಸ್ಟ್ ಮಾತಾಡಿದಂತೆ ಕೇಳಿಸಿತು. ವೀರೇಂದ್ರ ಫೈಲನ್ನು ಬಗಲಿಗೆ ಸೇರಿಸಿಕೊಂಡು, "ಇರ್ಲಿ ತಗೋರಿ. ಹುಲ್ಲು ಛಲೋ ಬರಲಿ," ಎಂದು ನಕ್ಕು ವಾಪಸ್ಸು ಹೋದ. ಸೂರ್ಯನಾರಾಯಣ ಹೊರಗೆಲ್ಲೂ ಹೋಗಬೇಕಾಗಿರಲಿಲ್ಲ. ಆದರೂ ಹೇಳಿದ್ದು ಸುಳ್ಳಾಗಬಾರದೆಂದು ಕಾರು ತೆಗೆದು ಹೋಗಿ, ಬೇಡದ ಇನ್ನೊಂದು ಮೂಟೆ ಒಣಹುಲ್ಲು ತಂದ.

ಆ ವಾರ ವೀರೇಂದ್ರ ಎರಡು ಸಲ ಫೋನ್ ಮಾಡಿದ. ಎರಡೂ ಸಲ ಸೂರ್ಯನಾರಾಯಣ ಮೀಟಿಂಗಿನಲ್ಲಿದ್ದ, ಅಥವಾ ಮೀಟಿಂಗಿನಲ್ಲಿ ಇದ್ದಂತೆ ಇದ್ದ. 'ಈ ವಾರ ಸಾಫ್ಟ್‌ವೇರ್ ರಿಲೀಸ್ ಇದೆ, ವೀಕೆಂಡ್ ನೋಡೋಣ' ಎಂದು ಮೆಸೇಜು ಕಳಿಸಿದ. ವೀಕೆಂಡಿಗೆ ಬಂದರೇನು ಗತಿ ಎಂದು ಶನಿವಾರ ಬೆಳಿಗ್ಗೆಯೇ ದೇವಸ್ಥಾನಕ್ಕೆ ಹೋಗಿ ಮಧ್ಯಾಹ್ನದವರೆಗೆ ಅಲ್ಲೇ ಕೂತ. ವೀರೇಂದ್ರ ಬರಲಿಲ್ಲ. ಮತ್ತೆ ಫೋನೂ ಮಾಡಲಿಲ್ಲ. ಸೂರ್ಯನಾರಾಯಣ ಖಾಲಿಯಿದ್ದ ಜಾಗಕ್ಕೆ ಚಿಕಾಗೋದ ಒಬ್ಬನನ್ನು ತೆಗೆದುಕೊಂಡ. ಆಫರ್ ಲೆಟರಿಗೆ ಸಹಿ ಹಾಕಿದ ಸಂಜೆ ಅವನು ಹುಲ್ಲಿಗೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ನೀರು ಬಿಟ್ಟ.

ಹುಲ್ಲು ಮಾತ್ರ ಬಹಳ ಚೆನ್ನಾಗಿ ಬಂತು. ಉದುರಿದ ಎಲೆಗಳು ಎಳೆ ಹುಲ್ಲನ್ನು ಮುಚ್ಚದಂತೆ ಅವನು ದಿನವೂ ಕೈಯಿಂದ ಹೆಕ್ಕಿ ತೆಗೆಯುತ್ತಿದ್ದ. ಮೂರು ವಾರದ ಮೇಲೆ ದಾರ ಬಿಚ್ಚಿ, ಗೂಟ ಕಿತ್ತು, ರಟ್ಟನ್ನು ರೀಸೈಕ್ಲಿಂಗಿಗೆ ಹಾಕಿದ. ಮಾರನೆಯ ದಿನ ಯಾರಾದರೂ ಬಂದಾರೆಂದು ಹಿಂಬಾಗಿಲ ಹತ್ತಿರವೇ ಕಾಫಿ ಹಿಡಿದು ನಿಂತಿದ್ದ. ಕೆಲಸದ ಜಾಗ ಹೇಗೂ ತುಂಬಿಹೋಗಿದೆ, ಇನ್ನು ಕೇಳಿದರೆ 'ಅಯ್ಯೋ ಸ್ವಲ್ಪ ಮುಂಚೆ ಹೇಳಬಾರದಿತ್ತೇ' ಎನ್ನಬಹುದು ಎಂಬ ಧೈರ್ಯ ಬಂದಿತ್ತು. ಆ ಮಾತನ್ನು ಹೇಗೆ ಹೇಳಬೇಕೆಂದು ಕೂಡ ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿಕೊಂಡ. ಯಾರೂ ಬರಲಿಲ್ಲ. ದಿಯಾ ಕೂಡ ಬರಲಿಲ್ಲ. ಶೈಲಜಾ ಇಲ್ಲವಲ್ಲ, ಅವಳಿಗೆ ಇಲ್ಲೇನು ಕೆಲಸ ಎಂದು ಸಮಾಧಾನ ಮಾಡಿಕೊಂಡ.

ಶೈಲಜಾ ಬಂದ ಮರುದಿನ, ಶನಿವಾರ ಮಧ್ಯಾಹ್ನ, ಮುಂಬಾಗಿಲ ಬೆಲ್ ಆಯಿತು. ಅವಳೇ ಹೋಗಿ ತೆಗೆದಳು. ವಿಭಾ ನಿಂತಿದ್ದಳು, ಚಪ್ಪಲಿ ಬಿಡಲು ಜಾಗ ಹುಡುಕುತ್ತ.

"ಇದೇನೇ ವಿಭಾ! ಬೆಲ್ ಹೊಡೀತಿದೀಯ?" ಶೈಲಜಾ ನಕ್ಕಳು. ವಿಭಾ ನಗಲಿಲ್ಲ.

ಸೂರ್ಯನಾರಾಯಣ ಮೇಲಿನ ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು ಕೂತ. ಕೆಳಗೆ ಎರಡು ಧ್ವನಿ ಬಹಳ ಹೊತ್ತು ಕೇಳುತ್ತಿತ್ತು. ಆಮೇಲೆ ಒಂದೇ ಧ್ವನಿ. ಆಮೇಲೆ ಬಾಗಿಲು ಹಾಕಿದ ಸದ್ದು. ಶೈಲಜಾ ಮೆಟ್ಟಿಲು ಹತ್ತಿ ಬಂದಾಗ ಅವಳ ಮೂಗು ಕೆಂಪಾಗಿತ್ತು.

"ವೀರೇಂದ್ರಂಗೆ ಕೆಲಸ ಹೋಗಿ ಎರಡು ತಿಂಗಳಾಯ್ತಂತೆ. ನವೆಂಬರ್ ಮೊದಲ್ನೇ ವಾರ ಧಾರವಾಡಕ್ಕೆ ಹೊರಡ್ತಾರಂತೆ, ಗಂಡ ಹೆಂಡ್ತಿ ಇಬ್ಬರೂ. ದಿಯಾನ ಬರೋ ಶುಕ್ರವಾರ ಫೀನಿಕ್ಸ್‌ಗೆ ಕಳಿಸ್ತಿದಾರೆ, ವಿಭಾ ಅಣ್ಣನ ಮನೆಗೆ. ಹನ್ನೆರಡನೇ ಕ್ಲಾಸು ಅರ್ಧದಲ್ಲಿ! ಅವಳು ಹುಟ್ಟಿದ್ದು ಇಲ್ಲಿ, ಇಲ್ಲಿನ ಸಿಟಿಜನ್ನು, ಫ್ರೆಂಡ್ಸ್ ಎಲ್ಲ ಇಲ್ಲಿ. ಆ ಮಾವನ್ನ ಅವಳು ಎರಡು ಸಲ ನೋಡಿದಾಳೆ ಅಷ್ಟೆ. ನಾವಿಲ್ವಾ, ಜೂನ್‌ವರೆಗೆ ನಮ್ಮನೇಲಿ ಇರ್ಬಹುದಿತ್ತಲ್ವಾ, ಒಂದು ಮಾತು ಕೇಳ್ಬಾರ್ದಿತ್ತಾ ಅಂತ ನಾನು ಜೋರು ಮಾಡ್ದೆ."

"ಏನಂದ್ಲು?"

"ಕೇಳಕ್ಕೇ ಬಂದಿದ್ರಂತೆ ಕಣ್ರೀ. ಸ್ಕೂಲಿನ ಗಾರ್ಡಿಯನ್ ಫಾರಂ ತಗೊಂಡು. ನಮ್ಮಿಬ್ರ ಹೆಸರನ್ನೂ ದಿಯಾನೇ ಬರೆದು ಕೊಟ್ಟಿದ್ಲಂತೆ, ಸಹಿ ಒಂದೇ ಬಾಕಿ. ನೀವು ಹುಲ್ಲು ತುಳೀಬೇಡಿ ಅಂತ ಹೇಳಿ ಕಳಿಸಿದ್ರಂತೆ."

ಸೂರ್ಯನಾರಾಯಣ ಲ್ಯಾಪ್‌ಟಾಪ್ ಮುಚ್ಚಿದ. ಅವನು ಆ ಫೈಲನ್ನು ಎಷ್ಟೋ ಸಲ ನೆನೆದಿದ್ದ, ಪ್ರತಿ ಸಲವೂ ಅದರೊಳಗೆ ಬೇರೆಯದೇ ಕಾಗದ ಇಟ್ಟು.

ಶೈಲಜಾ ಅವನ ಮುಖ ನೋಡಿ ಮೆತ್ತಗಾದಳು. "ಹೋಗ್ಲಿ ಬಿಡಿ, ನಿಮಗೇನು ಗೊತ್ತಿತ್ತು ಪಾಪ. ಬಿತ್ತಿದ ಬೀಜದ ಮೇಲೆ ಬಂದ್ರೆ ಯಾರಾದ್ರೂ ಹಾಗೇ ಹೇಳ್ತಾರೆ. ಆದ್ರೆ ಮಕ್ಕಳ ವಿಷಯ ಕೇಳೋರು ಮುಂಬಾಗಿಲಿಗೆ ಬಂದು ಬೆಲ್ ಹೊಡೆದು ಕೇಳ್ತಾರೇನ್ರಿ? ನಾನು ಬರ್ಲಿ ಅಂತ ಕಾದ್ರಂತೆ, ಸ್ಕೂಲಿನೋರು ಕಾಯ್ಲಿಲ್ಲ. ಈಗ್ಲೇ ಹೋಗಿ. ನಾವು ಇಟ್ಕೋತೀವಿ ಅಂತ ಹೇಳ್ಬಿಟ್ಟು ಬನ್ನಿ. ಟಿಕೆಟ್ಟೇನು, ಕ್ಯಾನ್ಸಲ್ ಮಾಡಿದ್ರಾಯ್ತು. ನಾನು ಆ ಮೂಲೆ ರೂಮು ಖಾಲಿ ಮಾಡ್ತೀನಿ."

ನಿಮಗೇನು ಗೊತ್ತಿತ್ತು ಎಂಬ ಮಾತನ್ನು ಅವನು ತಿದ್ದಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದ.

ಅವನೂ ಮುಂಬಾಗಿಲಿಗೇ ಹೋದ. ಹಿಂದಿನಿಂದ ಹೋಗಲು ಕಾಲು ಬರಲಿಲ್ಲ. ಫುಟ್‌ಪಾತಿನಲ್ಲಿ ಸುತ್ತಿ ಬಳಸಿ, ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಒತ್ತದ ಬೆಲ್ ಒತ್ತಿ ನಿಂತ. ವೀರೇಂದ್ರ ಬಾಗಿಲು ತೆಗೆದು, "ಬರ್ರಿ, ಬರ್ರಿ. ಕುಂದರ್ರಿ," ಎಂದು ಸೋಫಾದ ಮೇಲಿದ್ದ ರಟ್ಟಿನ ಡಬ್ಬಿ ಸರಿಸಿದ. ಮನೆ ತುಂಬ ಡಬ್ಬಿಗಳು. ದಿಯಾ ನೆಲದ ಮೇಲೆ ಕೂತು ಗಾಜಿನ ಲೋಟಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. ವಿಭಾ ಟ್ರೇಯಲ್ಲಿ ಚಹಾ ತಂದಿಟ್ಟಳು, ಕಪ್-ಸಾಸರಿನಲ್ಲಿ. ಆ ಮನೆಯಲ್ಲಿ ಅವನದೇ ಎಂದು ಒಂದು ಸ್ಟೀಲ್ ಲೋಟವಿತ್ತು.

"ಶೈಲಜಾ ಹೇಳಿದ್ಲು," ಸೂರ್ಯನಾರಾಯಣ ಚಹಾ ಮುಟ್ಟದೆ ಶುರು ಮಾಡಿದ. "ದಿಯಾ ನಮ್ಮನೇಲಿ ಇರ್ಲಿ ವೀರೇಂದ್ರ. ಜೂನ್‌ವರೆಗೂ. ಆಮೇಲೂ. ಫಾರಂ ಎಲ್ಲಿದೆ ಕೊಡಿ, ಸಹಿ ಹಾಕ್ತೀನಿ."

ವೀರೇಂದ್ರ ಪಕ್ಕದ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ. "ನೀವು ಅಂದ್ರಲ್ಲ, ಅಷ್ಟು ಸಾಕು. ಆದ್ರ ಈಗ ಆಗೂದಿಲ್ರಿ. ಸ್ಕೂಲ್ ಟ್ರಾನ್ಸ್‌ಫರ್ ಮುಗದದ. ವಿಭಾನ ಅಣ್ಣ ರಜಾ ಹಾಕಿ, ಹುಡುಗಿ ಬರ್ತಾಳ ಅಂತ ರೂಮಿಗೆ ಬಣ್ಣ ಹೊಡಿಸ್ಯಾನ. ಅವನ ಮುಂದ ಕೈಯೊಡ್ಡಿ ಕೇಳೀನಿ. ಈಗ ಬ್ಯಾಡ ಅಂದ್ರ ಹೆಂಗರಿ? ಅಂವ ಏನ್ ತಿಳ್ಕೋಬೇಕು?"

"ನನ್ನಿಂದ ತಪ್ಪಾಯ್ತು ವೀರೇಂದ್ರ. ಅವತ್ತು ನಾನು..." ಸೂರ್ಯನಾರಾಯಣನ ಬಾಯಿಂದ ಜಾರಬಾರದ ಮಾತೇ ಮೊದಲು ಜಾರಿತು. "ನೀವು ಕೆಲಸ ಕೇಳಕ್ಕೆ ಬಂದಿದೀರಿ ಅನ್ಕೊಂಡೆ."

"ಕೆಲಸಾನ? ನಿಮ್ಮ ಕಡೆ?" ವೀರೇಂದ್ರನಿಗೆ ನಿಜವಾಗಿ ಆಶ್ಚರ್ಯವಾಯಿತು. "ಆ ಸುಮೀತನ ಕಥಿ ನಮ್ಮ ಮನ್ಯಾಗ ಊಟಕ್ಕ ಕುಂತು ಎಷ್ಟು ಸಲ ಹೇಳೀರಿ. ಆಫೀಸಿನ್ಯಾಗ ಲೇಆಫ್ ಸುದ್ದಿ ಎದ್ದ ದಿನಾನ ನಾ ಇಕಿಗೆ ಹೇಳಿದ್ದೆ. ಉಪವಾಸ ಬಿದ್ರೂ ಸೂರಿಯವರಿಗೆ ಆ ಮಾತು ಕೇಳಿ ಇಕ್ಕಟ್ಟಿನ್ಯಾಗ ಹಾಕಬಾರದು ಅಂತ. ಹೌದಿಲ್ಲೋ ವಿಭಾ?"

ವಿಭಾ ಸೂರ್ಯನಾರಾಯಣನನ್ನೇ ನೋಡುತ್ತಿದ್ದಳು. "ಅಂದ್ರ," ಎಂದಳು ನಿಧಾನಕ್ಕೆ, "ಇವರ ಕೆಲಸ ಹೋಗಿದ್ದು ಅವಾಗನ ಗೊತ್ತಿತ್ತೇನ್ರಿ ನಿಮಗ?"

ಸುಳ್ಳು ಹೇಳಬಹುದಿತ್ತು. ಎರಡು ತಿಂಗಳಿಂದ ಅದೇ ಮಾಡಿದ್ದ, ಇನ್ನೊಂದು ಹೇಳಿದ್ದರೆ ಯಾವ ಪರ್ವತ ಬೀಳುತ್ತಿತ್ತು. ಆದರೆ ನೆಲದ ಮೇಲೆ ಪೇಪರಿನ ಸದ್ದು ನಿಂತುಹೋಗಿತ್ತು.

"ಶ್ರೀನಿ ಹೇಳಿದ್ದ," ಎಂದ.

"ಹಂಗೇನು," ಎಂದ ವೀರೇಂದ್ರ. ಸಿಟ್ಟು ಮಾಡಿಕೊಂಡಿದ್ದರೆ, ಎದ್ದು ಹೋಗಿ ಎಂದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಅಷ್ಟೇ ಅಂದು, ಆರುತ್ತಿದ್ದ ಚಹಾದ ಕಪ್ಪನ್ನು ಸೂರ್ಯನಾರಾಯಣನ ಕಡೆಗೆ ಸ್ವಲ್ಪ ಸರಿಸಿದ. ಸೂರ್ಯನಾರಾಯಣ ಅದನ್ನು ಒಂದೇ ಗುಟುಕಿಗೆ ಕುಡಿದು ಎದ್ದ.

ಬಾಗಿಲವರೆಗೆ ಬಂದವಳು ದಿಯಾ ಒಬ್ಬಳೇ. ಅವನಿಗಿಂತ ಎರಡು ಬೆರಳು ಎತ್ತರ ಬೆಳೆದಿದ್ದಾಳೆ ಎಂಬುದನ್ನು ಅವನು ಆಗ ಗಮನಿಸಿದ.

"ಅಂಕಲ್, ಐ ವಾಸ್ ವಾಚಿಂಗ್ ಫ್ರಮ್ ಮೈ ವಿಂಡೋ ದಟ್ ಡೇ," ಎಂದಳು. ಅವಳ ಧ್ವನಿ ಏರಲಿಲ್ಲ. "ಅಪ್ಪ ವಾಪಸ್ ಬಂದಾಗ ಐ ಟೋಲ್ಡ್ ಹಿಮ್, ಅಂಕಲ್‌ಗೆ ಗೊತ್ತಿಲ್ಲ, ಗೋ ಆಸ್ಕ್ ಅಗೇನ್. ಹಿ ಡಿಡಂಟ್ ವಾಂಟ್ ಟು. ನಾನೇ ಫೋನ್ ಮಾಡಿಸಿದ್ದು. ಟ್ವೈಸ್."

"ದಿಯಾ, ನಾನು ಹ್ಞೂಂ ಅಂತಿದ್ದೆ. ನೀನು ಅಂತ ಗೊತ್ತಿದ್ರೆ ಅವತ್ತೇ..."

"ಐ ನೋ," ಎಂದಳು ಅವಳು. "ಅಪ್ಪಂಗೂ ಹಾಗೇ ಹೇಳಿದ್ದೆ. ಐ ಸೆಡ್, ಯು ವೋಂಟ್ ಈವನ್ ಹ್ಯಾವ್ ಟು ಫಿನಿಶ್ ದ ಸೆಂಟೆನ್ಸ್." ಆಮೇಲೆ ಅವಳು ತಲೆ ತಗ್ಗಿಸಿ ಬಾಗಿಲು ಹಾಕಿಕೊಂಡಳು.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುವುದು ಸುಲಭ. ಹಾಗೆಂದವನಿಗೆ ಯಾವ ಕಾರ್ಯವೂ ಮಿಂಚಿಹೋಗಿರಲಿಕ್ಕಿಲ್ಲ. ಸೂರ್ಯನಾರಾಯಣ ಫುಟ್‌ಪಾತಿನಲ್ಲಿ ತನ್ನ ಮನೆಗೆ ನಡೆದು ಬಂದ. ಕೆಲಸ ಕೇಳಿದ್ದರೂ ಏನು ಹೋಗುತ್ತಿತ್ತು ತನ್ನದು ಎಂದು ಆಗ ಮೊದಲ ಸಲ ಅವನಿಗೆ ಅನ್ನಿಸಿತು. ಒಂದು ಇಮೇಲು. ಆಗದಿದ್ದರೆ ಬಾಸ್ ಇನ್ನೊಮ್ಮೆ ನಗುತ್ತಿದ್ದ, ಅಷ್ಟೇ ತಾನೆ. ಹನ್ನೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಉಂಡವರ ಎದುರು ಆ ನಗು ಎಷ್ಟರದು?

ಮೂಲೆಯ ಕೋಣೆಯಲ್ಲಿ ಶೈಲಜಾ ಆಗಲೇ ಅವನ ಹಳೆಯ ಫೈಲುಗಳನ್ನೆಲ್ಲ ಹೊರಗೆ ಹಾಕಿ, ಮಂಚವನ್ನು ಕಿಟಕಿಯ ಕಡೆಗೆ ಎಳೆದಿದ್ದಳು. ಮೈಸೂರಿನಿಂದ ಯಾರಿಗೋ ಕೊಡಲೆಂದು ತಂದಿದ್ದ ಹೊಸ ಹೊದಿಕೆಯನ್ನು ಮಡಿಕೆ ಬಿಚ್ಚಿ ಹಾಸಿದ್ದಳು. ಎರಡು ದಿನದ ಪ್ರಯಾಣದ ಆಯಾಸ ಅವಳ ಮುಖದಲ್ಲಿ ಇರಲಿಲ್ಲ.

"ಏನಂದ್ರು? ಯಾವಾಗ ಬರ್ತಾಳಂತೆ?"

ಅವನು ಬಾಗಿಲಲ್ಲೇ ನಿಂತು ಹೇಳಿದ. ಬಣ್ಣ ಹೊಡೆಸಿದ ಫೀನಿಕ್ಸ್‌ನ ಕೋಣೆಯ ವಿಷಯ ಹೇಳಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳ ಕಣ್ಣಲ್ಲಿ ತಾನು ಇನ್ನೂ 'ಏನು ಗೊತ್ತಿತ್ತು ಪಾಪ' ಆಗಿರುವಾಗಲೇ ನಿಲ್ಲಿಸಬಹುದಿತ್ತು. ಅವನು ನಿಲ್ಲಿಸಲಿಲ್ಲ.

"ನನಗೆ ಗೊತ್ತಿತ್ತು ಶೈಲಾ. ಕೆಲಸ ಹೋಗಿದ್ದು."

"ಯಾವಾಗಿಂದ?"

"ಆಗಸ್ಟಿಂದ. ಕೆಲಸ ಕೇಳ್ತಾರೆ ಅಂತ ಹೆದರಿದ್ದೆ. ಹುಲ್ಲು ಅಂತ ಹೇಳಿದ್ದು ಅದಕ್ಕೇ."

"ನಾನು ದಿನಾ ಫೋನ್ ಮಾಡ್ತಿದ್ದೆ," ಎಂದಳು ಶೈಲಜಾ.

"ಹ್ಞೂಂ."

"ದಿನಾ ಕೇಳ್ತಿದ್ದೆ, ದಿಯಾ ಹೇಗಿದಾಳೆ ಅಂತ."

ಶೈಲಜಾ ಬೈಯಲಿಲ್ಲ, ಅಳಲೂ ಇಲ್ಲ. ಮಂಚದ ಮೇಲಿಂದ ಹೊದಿಕೆಯನ್ನು ಎಳೆದು ಮಡಿಸತೊಡಗಿದಳು. ಅದು ಡಬಲ್ ಮಂಚದ ಹೊದಿಕೆ, ಒಬ್ಬರ ತೋಳಿಗೆ ಒಗ್ಗುವಂಥದ್ದಲ್ಲ. ಒಂದು ತುದಿ ಜಾರಿ ನೆಲಕ್ಕೆ ಬಿತ್ತು. ಸೂರ್ಯನಾರಾಯಣ ಮುಂದೆ ಬಂದು ಆ ತುದಿ ಹಿಡಿದುಕೊಂಡ, ಯಾವಾಗಲೂ ಇಬ್ಬರೂ ಸೇರಿ ಮಡಿಸುವ ಹಾಗೆ. ಶೈಲಜಾ ಅದನ್ನು ಅವನ ಕೈಯಿಂದ ಬಿಡಿಸಿಕೊಂಡು ಒಬ್ಬಳೇ ಮಡಿಸಿದಳು.